ಕಾಲಿಗೆ ಮೆತ್ತಿದ ಗುರು

ನಮ್ಮ ಸೋದರಮಾವನನ್ನು ಯಾರಾದರೂ "ನಿಮ್ಮ ಗುರುಗಳು ಯಾರ್ರಿ?" ಎಂದು ಕೇಳಿದರೆ ಅವರು ಯಾವ ಮಠದ ಹೆಸರನ್ನೂ ಹೇಳುತ್ತಿರಲಿಲ್ಲ. ಕೆರ ಕಳೆದು, ಕಾಲೆತ್ತಿ, ಅಂಗಾಲು ತೋರಿಸುತ್ತಿದ್ದರು! ಪಾಪ, ಮುಳ್ಳು ನಟ್ಟಿರಬೇಕೆಂದು ಕೇಳಿದವರು ಬಗ್ಗಿ ನೋಡಿದರೆ ಅಲ್ಲಿ ಮುಳ್ಳೂ ಇಲ್ಲ, ಗಾಯವೂ ಇಲ್ಲ. ಹುನಗುಂದದ ಕರಿ ಎರೆಮಣ್ಣು ಮಾತ್ರ ದಪ್ಪಗೆ ಮೆತ್ತಿಕೊಂಡಿರುತ್ತಿತ್ತು. "ಇವನ ನಮ್ಮ ಗುರು. ಬ್ಯಾರೆ ಗುರುಗಳು ನಾವು ಹೋದಲ್ಲೆಲ್ಲಾ ಬೆನ್ನ ಹತ್ತಿ ಬರ್ತಾರೇನು? ಇಂವ ಬರ್ತಾನ!" ಎನ್ನುತ್ತಿದ್ದರು ಮಾವ. ಅಷ್ಟರಲ್ಲಿ ಒಳಗಿನಿಂದ ಅತ್ತೆಯ ಧ್ವನಿ ಬರುತ್ತಿತ್ತು: "ಗುರುಗಳ್ನ ಹೊರಗ ತೊಳದ ಒಳಗ ಬರ್ರಿ! ಈಗರ ನೆಲ ಸಾರಿಸೇನಿ!"

ನಾನು ಧಾರವಾಡದಲ್ಲಿ ಮಾಸ್ತರಿಕೆ ಕಲಿತು ಹುನಗುಂದದ ಕನ್ನಡ ಶಾಲೆಗೆ ಬಂದಾಗ ಈ ಶಿಷ್ಯೋತ್ತಮರ ಮನೆಯಲ್ಲಿಯೇ ಉಳಿದೆ. ಮನೆಯಲ್ಲಿ ಮಾವ, ಅತ್ತೆ, ಇಬ್ಬರೇ. ಮಕ್ಕಳಿರಲಿಲ್ಲ. ಇದ್ದ ಹೊಲವನ್ನು ಲಾವಣಿಗೆ, ಎಂದರೆ ಗೇಣಿಗೆ ಕೊಟ್ಟಿದ್ದರಿಂದ ಮಾವನಿಗೆ ಕೆಲಸವೂ ಇರಲಿಲ್ಲ. ಕೆಲಸವಿಲ್ಲದ ಮನುಷ್ಯ ಒಂದೋ ಚಾವಡಿಯಲ್ಲಿ ಕೂತು ಅವರಿವರಿಗೆ ಜಗಳ ಹಚ್ಚುತ್ತಾನೆ, ಇಲ್ಲವೇ ತತ್ವಜ್ಞಾನಿಯಾಗುತ್ತಾನೆ. ಜಗಳ ಹಚ್ಚುವುದಕ್ಕೆ ಬೇಕಾದ ಚುರುಕು ನಮ್ಮ ಮಾವನಲ್ಲಿರಲಿಲ್ಲ, ಏನು ಮಾಡುವುದು!

ಮನುಷ್ಯನ ಎಲ್ಲ ಕಷ್ಟಗಳಿಗೂ ಉತ್ತರ ಮಣ್ಣಿನಲ್ಲಿದೆ ಎಂಬುದು ಅವರ ಸಿದ್ಧಾಂತ. ಉತ್ತರ ಹುಡುಕಲು ಅವರು ಸದಾ ಸಿದ್ಧ. ಕಷ್ಟವನ್ನು ಮಾತ್ರ ಬೇರೆಯವರು ಒದಗಿಸಬೇಕು. ಯಾರದೋ ಹಿತ್ತಲ ಗೋಡೆ ಬಿದ್ದರೆ ಮಾವ ಅಲ್ಲಿ ಹಾಜರು. ಬಿದ್ದ ಗೋಡೆಯ ಮುಂದೆ ಅಂಗೈಯಲ್ಲಿ ಒಂದು ಮಣ್ಣಿನ ಹೆಂಟೆ ಹಿಡಿದು, "ನೋಡ್ರಿ, ಇದು ಬಿದ್ದೈತಿ ಖರೆ, ಆದ್ರ ಅತ್ತೈತೇನು?" ಎಂದು ಕೇಳುತ್ತಿದ್ದರು. ಗೋಡೆ ಕಳೆದುಕೊಂಡವನಿಗೆ ಏನು ಉತ್ತರ ಹೊಳೆಯಬೇಕು? ಹಲ್ಲುನೋವಿನಿಂದ ಕೆನ್ನೆ ಊದಿಸಿಕೊಂಡು ಕೂತಿದ್ದ ಅಂಗಡಿಕಾರನೊಬ್ಬನಿಗೆ, ನೇಗಿಲು ಹೊಕ್ಕಾಗ ಭೂಮಿ ಹೇಗೆ ಬಾಯಿ ತೆರೆಯುತ್ತದೆ ಎಂದು ವಿವರಿಸಲು ಹೋಗಿ ತಕ್ಕಡಿಯಿಂದ ಏಟು ತಿನ್ನುವುದು ಸ್ವಲ್ಪದರಲ್ಲಿ ತಪ್ಪಿತು. ಕೊನೆಕೊನೆಗೆ ಮಾವ ಓಣಿಯ ತಿರುವಿನಲ್ಲಿ ಕಂಡರೆ ಸಾಕು, ಊರಿನವರು ತಮ್ಮ ಕಷ್ಟಗಳನ್ನು ಗಡಿಬಿಡಿಯಿಂದ ಮುಚ್ಚಿಡುತ್ತಿದ್ದರು. "ಎಲ್ಲಾ ಭಾಳ ಛಲೋ ಐತ್ರಿ! ಏನೂ ತ್ರಾಸಿಲ್ರಿ!" ಎಂದು ಕೇಳುವ ಮೊದಲೇ ಕೈಮುಗಿಯುತ್ತಿದ್ದರು. ಆ ಕಾಲದಲ್ಲಿ ಹುನಗುಂದದಷ್ಟು ಸುಖಿಗಳ ಊರು ಈ ಸೀಮೆಯಲ್ಲೇ ಇರಲಿಲ್ಲ.

ಒಮ್ಮೆ ನನಗೆ ಕನ್ಯೆ ನೋಡಲು ಬಾದಾಮಿಗೆ ಹೊರಟೆವು. ಬಾಗಲಕೋಟೆಯವರೆಗೆ ಚಕ್ಕಡಿ, ಅಲ್ಲಿಂದ ರೈಲು. ಹೊರಡುವಾಗಲೇ ಅತ್ತೆ, "ಇದು ಹುಡುಗನ ಲಗ್ನದ ಮಾತು, ದಾರ್ಯಾಗ ಮಣ್ಣಿನ ಸುದ್ದಿ ತಗೀಬ್ಯಾಡ್ರಿ" ಎಂದು ಎಚ್ಚರಿಸಿದ್ದರು. ಅರ್ಧ ದಾರಿಯವರೆಗೆ ಮಾವ ಆ ಮಾತು ಪಾಲಿಸಿದರು. ಆಮೇಲೆ ಗಾಲಿ ಕೆಸರಿನಲ್ಲಿ ಹೂತಿತು. ಚಕ್ಕಡಿ ಹೊಡೆಯುವವನು ಕೆಳಗಿಳಿದ. ಕನ್ಯೆ ನೋಡಲೆಂದು ಉಟ್ಟ ಹೊಸ ಧೋತರವನ್ನು ಮೊಳಕಾಲಿನವರೆಗೆ ಎತ್ತಿ ಕಟ್ಟಿ ನಾನೂ ಇಳಿದೆ. ಇಬ್ಬರೂ ಗಾಲಿಗೆ ಹೆಗಲು ಕೊಟ್ಟು ಉಬ್ಬಸಪಡುತ್ತಿದ್ದರೆ ಮಾವ ಚಕ್ಕಡಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಶುರುಮಾಡಿದರು.

"ನೋಡ್ರಪಾ, ಗಾಲಿ ಒದ್ದಾಡಿದಷ್ಟೂ ಒಳಗ ಇಳೀತೈತಿ. ಕಷ್ಟದಾಗ ಸಿಕ್ಕಾಂವ ಅಲುಗಾಡಬಾರದು. ಸುಮ್ಮನ ನಿಂತು, ಮಣ್ಣು ಏನ ಹೇಳತೈತಿ ಅನ್ನೂದ ಕೇಳಬೇಕು."

ಚಕ್ಕಡಿಯವನು ಬೆವರು ಒರೆಸಿಕೊಂಡು ಹೇಳಿದ: "ನನಗ ಕೇಳಸಾಕತ್ತೈತ್ರಿ, ಯಪ್ಪಾ. ನೀವು ಕೆಳಗ ಇಳೀಬೇಕಂತ ಹೇಳಾಕತ್ತೈತಿ."

ಮಾವ ಇಳಿದರು, ಗಾಲಿ ಎದ್ದಿತು. ಆದರೆ ಬಾಗಲಕೋಟೆ ತಲುಪುವಷ್ಟರಲ್ಲಿ ರೈಲು ಹೋಗಿತ್ತು. ಮರುದಿನ ಬಾದಾಮಿಯಲ್ಲಿ ಕನ್ಯೆಯ ಮನೆಯ ಕಟ್ಟೆ ಹತ್ತುವಾಗ ನಾವಿಬ್ಬರೂ ಮದುವೆ ಮಾತಿಗೆ ಬಂದವರಂತಿರಲಿಲ್ಲ, ಬಾವಿ ತೋಡಲು ಬಂದವರಂತಿದ್ದೆವು. ಕನ್ಯೆಯ ತಂದೆ ದೊಡ್ಡ ಮನಸ್ಸಿನವರು, ಏನೂ ಅನ್ನದೆ ಕೂರಿಸಿ ಉಪಚಾರ ಮಾಡಿದರು. ಇನ್ನೇನು ಹುಡುಗಿ ಹೊರಗೆ ಬರಬೇಕು, ಮಾವನ ಕಣ್ಣು ಅವರ ಅಂಗಳದ ಕೆಂಪು ಮಣ್ಣಿನ ಮೇಲೆ ಬಿತ್ತು! ಒಂದು ಹಿಡಿ ಎತ್ತಿಕೊಂಡು, ಬೆರಳ ಸಂದಿಯಿಂದ ಸೋರಬಿಟ್ಟು, "ನಿಮ್ಮೂರ ಮಣ್ಣಿನ ಮ್ಯಾಲ ಭರೋಸ ಇಡಾಕ ಬರಂಗಿಲ್ರಿ. ಒಂದ ಮಳಿ ಬಂದ್ರ ಸಾಕು, ಹುಟ್ಟಿದ ಜಾಗ ಬಿಟ್ಟು ಹರದ ಹೊಕ್ಕೈತಿ" ಎಂದರು. ಅವರು ವೈರಾಗ್ಯದ ವಿಷಯ ಹೇಳುತ್ತಿದ್ದರು. ಕನ್ಯೆಯ ತಂದೆ ಅದನ್ನು ಮಗಳ ವಿಷಯವೆಂದು ತಿಳಿದರು. ಆ ಹುಡುಗಿ ಬೇರೆ ಮನೆ ತುಂಬಿ ಸುಖವಾಗಿದ್ದಾಳಂತೆ, ಇರಲಿ. ಬರುವ ದಾರಿಯಲ್ಲಿ "ಇದರಿಂದ ನೀ ಏನ ಕಲತಿ?" ಎಂದು ಮಾವ ಮೂರು ಸಲ ಕೇಳಿದರು. ಮೂರು ಸಲವೂ ನಾನು ರೈಲಿನ ಕಿಟಕಿಯ ಹೊರಗೆ ನೋಡಿದೆ.

ಆ ಕೆಂಪು ಮಣ್ಣು ಮಾವನ ಧೋತರದ ಚುಂಗಿನಲ್ಲಿ ಗಂಟಾಗಿ ಮನೆಗೆ ಬಂದು ಪಡಸಾಲೆಯ ಗೂಡಿನಲ್ಲಿ ಕೂತಿತು. ಆ ಗೂಡು ಅವರ ಗ್ರಂಥಭಂಡಾರ. ಕಲಾದಗಿಯ ಹೊಳೆದಂಡೆಯ ಮೆತ್ತನೆಯ ಮಣ್ಣಿಗೆ ತಾಳ್ಮೆ ಎಂದು ಹೆಸರು. ಬಾದಾಮಿಯದು ವೈರಾಗ್ಯ, ಅದರ ಸಂಪಾದನೆಗೆ ನಾನು ಒಬ್ಬ ಕನ್ಯೆಯನ್ನೇ ತೆತ್ತಿದ್ದೆ! ಇನ್ನೂ ಏಳೆಂಟು ಹೆಂಟೆಗಳಿದ್ದವು. ದಿನಾ ಬೆಳಿಗ್ಗೆ ಒಂದನ್ನು ಕೈಯಲ್ಲಿ ಹಿಡಿದು ಚಿಂತನೆ ನಡೆಯುತ್ತಿತ್ತು. ಒಂದು ದಿನ ಗೂಡಿನಲ್ಲಿ ವೈರಾಗ್ಯ ಕಾಣಿಸಲಿಲ್ಲ. ಮಾವ ಕಂಗಾಲಾಗಿ ಅಡುಗೆಮನೆಗೆ ಹೋದರು.

"ಒಲಿ ಸೀಳಿತ್ರಿ," ಎಂದರು ಅತ್ತೆ ರೊಟ್ಟಿ ಬಡಿಯುತ್ತಲೇ. "ನಿಮ್ಮ ವೈರಾಗ್ಯ ಕಲಸಿ ಮೆತ್ತೇನಿ. ಸಾಲಲಿಲ್ಲ. ತಾಳ್ಮಿನೂ ಒಂದೀಟು ತಗೊಂಡೇನಿ."

"ಅಲ್ಲ, ಹತ್ತಾರು ಊರು ತಿರುಗಿ..."

"ಹತ್ತಾರು ಊರು ತಿರುಗಿದ್ರಿ, ಮನ್ಯಾಗಿನ ಒಲಿ ಸೀಳಿದ್ದ ಕಾಣಲಿಲ್ಲೇನು? ಮಣ್ಣಿನ ಜತಿ ಮಾತಾಡೂ ಗಂಡನ್ನ ಕಟಕೊಂಡು ನಾನೂ ಒಂದಿನ ಮಣ್ಣ ತಿಂತೇನಿ ನೋಡ್ರಿ!"

ಹೀಗೆ ಬೈಗುಳ ರೊಟ್ಟಿಯ ಬಡಿತದ ತಾಳಕ್ಕೆ ನಡೆಯುತ್ತಿತ್ತು. ನಾನು ಕಂಡ ಒಂದು ವಿಚಿತ್ರವೆಂದರೆ, ಬೈಸಿಕೊಂಡ ಮೇಲೆ ಮಾವನ ಮುಖ ತುಪ್ಪ ಸವರಿದಂತೆ ಹೊಳೆಯುತ್ತಿತ್ತು. ಊಟಕ್ಕೆ ಕೂತರೆ ಒಂದು ರೊಟ್ಟಿ ಹೆಚ್ಚೇ ತಿನ್ನುತ್ತಿದ್ದರು. ಇವರಿಗೆ ನಾಚಿಕೆ ಮಾನ ಇಲ್ಲವೇ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಶಾಲೆಯಲ್ಲಿ ಹೆಡ್‌ಮಾಸ್ತರರಿಗೆ ದಿನಾ ಹೊಸದೊಂದು ಕಥೆ ಹೇಳಿ ಅವರನ್ನೂ ನಗಿಸುತ್ತಿದ್ದೆ. ನಮ್ಮ ಮಾವ ಇರುವವರೆಗೆ ನನಗೆ ಹೇಳಲು ಕಥೆ ಇಲ್ಲದ ದಿನವಿರಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಮಾಳಿಗೆಯ ಪ್ರಕರಣ ನಡೆಯಿತು. ನಮ್ಮ ಕಡೆಯ ಮನೆಗಳ ಮಾಳಿಗೆ, ಎಂದರೆ ಮೇಲ್ಛಾವಣಿ, ಮಣ್ಣಿನದು. ಪ್ರತಿ ವರ್ಷ ಮಳೆ ಬರುವ ಮೊದಲು ಹಳ್ಳದ ದಂಡೆಯಿಂದ ಬಿಳಿಯ ಸವಳು ಮಣ್ಣು ತಂದು ಮೇಲೆ ಹರಡಬೇಕು. ಅದರ ಮೇಲೆ ಬಿದ್ದ ನೀರು ನಿಲ್ಲದೆ ಜಾರಿ ಹೋಗುತ್ತದೆ. ಇದು ಇಲ್ಲಿಯ ಎಲ್ಲರಿಗೂ ಗೊತ್ತಿದ್ದ ಮಾತು. ಎಲ್ಲರಿಗೂ ಗೊತ್ತಿದ್ದದ್ದು ತತ್ವಜ್ಞಾನಿಗೆ ಗೊತ್ತಿರಬೇಕೆಂದು ಎಲ್ಲಿದೆ? ಮಾವ ಈ ಸಲ ಹೊಲದಿಂದ ನಾಲ್ಕು ಚಕ್ಕಡಿ ಕರಿ ಎರೆಮಣ್ಣು ತರಿಸಿಬಿಟ್ಟರು!

ಮಾಳಿಗೆ ಕೆಲಸಕ್ಕೆ ಬಂದ ಗೌಂಡಿ ಮೌಲಾಸಾಬ ಮಣ್ಣಿನ ಗುಡ್ಡೆ ನೋಡಿ ಬುಟ್ಟಿ ಕೆಳಗಿಟ್ಟ. "ಇದು ಮಾಳಗಿಗೆ ನಡಿಯಂಗಿಲ್ರಿ. ಎರಿ ಬಿಸಿಲಿಗೆ ಬಿರಿತೈತಿ. ಬಿರುಕಿನಾಗ ನಿಮ್ಮ ಕೈ ಹೊಕ್ಕೈತಿ, ನೀರ ಹೋಗಂಗಿಲ್ಲೇನ್ರಿ?"

"ಮೌಲಾಸಾಬ, ಸವಳ ಮಣ್ಣು ಭಾಳ ಸ್ವಾರ್ಥಿ. ಮ್ಯಾಲ ಬಿದ್ದ ನೀರ್ನ ನಂದಲ್ಲಂತ ಆಚೆ ತಳ್ಳತೈತಿ. ಎರಿ ಹಂಗಲ್ಲ. ಕಷ್ಟ ಬಂದ್ರ ಅಪ್ಪಿಕೊಂಡ ಹಿಡಿತೈತಿ. ಅಂಥಾದ್ದು ನಮ್ಮ ತಲಿ ಮ್ಯಾಲ ಇರಬೇಕು."

"ತಲಿ ಮ್ಯಾಲ ಇರತೈತ್ರಿ," ಎಂದ ಮೌಲಾಸಾಬ. "ಮಿರಗದ ಮಳಿ ಬರೂತನಕ."

ಅತ್ತೆ ಬೈದರು, ಗುದ್ದಲಿ ಕಿತ್ತುಕೊಂಡರು, ಕೊನೆಗೆ ಬೇಡಿಕೊಂಡರು. "ನಿಮ್ಮ ಮಾತು ನಿಮ್ಮ ಬಾಯಾಗ ಇರ್ಲಿ, ಮಾಳಗಿ ಮ್ಯಾಲ ಬ್ಯಾಡ್ರಿ. ಒಳಗಿನ ಖೋಲ್ಯಾಗ ನನ್ನ ಸಂದೂಕ ಐತಿ" ಎಂದರು. ಸಂದೂಕದಲ್ಲಿ ಎರಡು ಇಳಕಲ್ಲ ಸೀರೆ ಇರಬಹುದು, ಅದಕ್ಕೇಕೆ ಇಷ್ಟು ಎಂದುಕೊಂಡೆ ನಾನು. ಮಾವ ಎರೆಮಣ್ಣನ್ನೇ ಹಾಕಿಸಿದರು. ಬಿಸಿಲಿಗೆ ಅದು ಮೌಲಾಸಾಬ ಹೇಳಿದಂತೆಯೇ ಬಿರಿಯಿತು. "ಬಾಯಾರಿದ್ದು ಬಾಯಿ ತೆರದೈತಿ" ಎಂದು ಮಾವ ಅದರಲ್ಲೂ ಒಂದು ಪಾಠ ಕಂಡರು.

ಮೃಗಶಿರೆಯ ಆ ಮಿರಗದ ಮಳೆ ಒಂದು ಸಂಜೆ ಬಂತು. ನಾನು ಶಾಲೆಯಿಂದ ಬಂದು ಮುಖ ತೊಳೆಯುತ್ತಿದ್ದೆ. ಮೊದಲು ಒಂದು ಧಾರೆ ಪಡಸಾಲೆಯಲ್ಲಿ, ಆಮೇಲೆ ಎರಡು ಅಡುಗೆಮನೆಯಲ್ಲಿ. ಆಮೇಲೆ ಎಣಿಸುವುದನ್ನು ಬಿಟ್ಟೆ! ನೀರು ಬರೀ ನೀರಾಗಿ ಬರಲಿಲ್ಲ, ಕರಿ ಅಂಬಲಿಯಾಗಿ ಬಂತು. ಕೊಡ, ತಪ್ಪಲೆ, ನನ್ನ ಪಾಟಿ, ಸಿಕ್ಕಿದ್ದನ್ನೆಲ್ಲ ಕೆಳಗೆ ಹಿಡಿದೆವು. ಅತ್ತೆ ಮಾತ್ರ ಯಾವುದನ್ನೂ ನೋಡದೆ ಒಳಗಿನ ಖೋಲಿಗೆ ಓಡಿದರು. ಅಲ್ಲಿ ಸಂದೂಕದ ಮೇಲೆಯೇ ಮಾಳಿಗೆಯ ಒಂದು ಮೂಲೆ ಕುಸಿದಿತ್ತು. ಸಂದೂಕ ತೆರೆದು ತಳದಿಂದ ಅವರು ಎತ್ತಿದ್ದು ಸೀರೆಯನ್ನಲ್ಲ, ಒಂದು ಮೊಳ ಉದ್ದದ, ಹಳೆಯ ಸೀರೆಯ ತುಂಡುಗಳನ್ನು ಸೇರಿಸಿ ಹೊಲಿದ ಪುಟ್ಟ ಕೌದಿ. ಅದರ ತುಂಬ ಕರಿ ರಾಡಿ ಇಳಿದಿತ್ತು.

ಮಾವ ಬಾಗಿಲಲ್ಲಿ ನಿಂತು, "ನೋಡು, ಸೋರೂ ಮಾಳಗಿ ಏನ ಕಲಿಸತೈತೆಂದ್ರ..." ಎಂದು ಶುರುಮಾಡಿದರು. ನಾನು ಬೈಗುಳದ ಮಳೆಗೆ ಕಾದೆ. ಬರಲಿಲ್ಲ. ಅತ್ತೆ ಕೌದಿಯ ರಾಡಿಯನ್ನು ಸೆರಗಿನಿಂದ ಒರೆಸುತ್ತಿದ್ದರು. ಮಾವ ಅರ್ಧಕ್ಕೇ ನಿಲ್ಲಿಸಿ ಅವರ ಮುಖ ನೋಡಿದರು.

ಮರುದಿನ ಮುಂಜಾನೆ ಅತ್ತೆ ಆ ಕೌದಿಯನ್ನು ಗಂಟು ಕಟ್ಟಿಕೊಂಡು, ಇಳಕಲ್ಲಿಗೆ ಹೊರಟಿದ್ದ ಚಕ್ಕಡಿ ಹತ್ತಿ ತವರಿಗೆ ಹೋದರು. ನಾನು ಹೆಡ್‌ಮಾಸ್ತರರಿಗೆ ಇದನ್ನೂ ಕಥೆ ಮಾಡಿ ಹೇಳಿದೆ. ಮನೆಯಲ್ಲಿ ಹತ್ತು ಕೌದಿಗಳಿರುವಾಗ ಒಂದು ಹರಕು ಕೌದಿಗಾಗಿ ಹೆಂಗಸು ಗಂಡನನ್ನು ಬಿಟ್ಟು ಹೋಗುವುದೆಂದರೇನು! ಹೆಡ್‌ಮಾಸ್ತರರು ಹೊಟ್ಟೆ ಹಿಡಿದು ನಕ್ಕರು.

ಆದರೆ ಮನೆಯಲ್ಲಿ ನಗು ಬರುವಂತಿರಲಿಲ್ಲ. ನಾನು ಮಾಡಲು ಹೋಗಿ ಸುಟ್ಟ ರೊಟ್ಟಿಯ ಮುಂದೆ ಮಾವ ಕೂತು, "ಈ ಸುಟ್ಟ ರೊಟ್ಟಿನೂ ಮಣ್ಣಿಂದನ ಬಂದದ್ದು, ಮಣ್ಣಿನ ಹಂಗ ಎಲ್ಲಾ ತಡಕೊಂಡೈತಿ" ಎನ್ನುತ್ತಿದ್ದರು. ಹೇಳಿ ಕಾಯುತ್ತಿದ್ದರು. ನಾನು "ಹೌದ್ರಿ, ಮಾವಾರ" ಎನ್ನುತ್ತಿದ್ದೆ. ಹೌದು ಎನ್ನಿಸಿಕೊಂಡು ಅವರಿಗೆ ಅಭ್ಯಾಸವೇ ಇರಲಿಲ್ಲ! ನಾಲ್ಕೈದು ದಿನಗಳಲ್ಲಿ ಪಾಠಗಳು ನಿಂತವು. ಗೂಡಿನ ಹೆಂಟೆಗಳ ಮೇಲೆ ಧೂಳು ಕೂತಿತು. ಭಾನುವಾರ ನಾನೇ ಇಳಕಲ್ಲಿಗೆ ಹೋಗಿ ಬಂದೆ. ಅತ್ತೆ ಉಣಬಡಿಸಿದರು, ಶಾಲೆಯ ಸುದ್ದಿ ಕೇಳಿದರು. ಮಾವನ ಸುದ್ದಿ ಕೇಳಲಿಲ್ಲ. ನಾನು ಹೊರಡುವಾಗ, "ಇನ್ನ ಮ್ಯಾಲ ಇಲ್ಲೇ ಇರ್ತೇನಂತ ಅಣ್ಣಗ ಹೇಳೇನಿ. ನಿನ್ನ ಅಡಗಿಗೆ ಯಾರ್ನರ ನೋಡಕೋ" ಎಂದರು. ಅದನ್ನು ಸಿಟ್ಟಿನಿಂದ ಹೇಳಿದ್ದರೆ ನಾನು ಹೆದರುತ್ತಿರಲಿಲ್ಲ. ಮೆಲ್ಲಗೆ ಹೇಳಿದರು. ಮಾವನಿಗೆ ಅದನ್ನು ತಿಳಿಸಿದಾಗ ಅವರು ಎದ್ದು ಒಳಗಿನ ಖೋಲಿಗೆ ಹೋಗಿ, ಮಾಳಿಗೆಯಿಂದ ಬಿದ್ದ ಮಣ್ಣಿನ ಮುಂದೆ ಕೂತರು.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅಂದು ಮನೆಮನೆಯಲ್ಲಿ ಎರೆಮಣ್ಣಿನ ಜೋಡೆತ್ತು ಮಾಡಿ ಪೂಜಿಸುತ್ತಾರೆ. ನಮ್ಮ ಮನೆಯಲ್ಲಿ ಅದು ಅತ್ತೆಯ ಕೆಲಸ. ಅವರ ಎತ್ತುಗಳನ್ನು ನೋಡಲು ಓಣಿಯವರೆಲ್ಲ ಬರುತ್ತಿದ್ದರು. ಆ ಬೆಳಿಗ್ಗೆ ಎದ್ದು ನೋಡುತ್ತೇನೆ, ಮಾಳಿಗೆಯಿಂದ ಬಿದ್ದ ಮಣ್ಣನ್ನೇ ಕಲಸಿಕೊಂಡು ಮಾವ ಒಳಗಿನ ಖೋಲಿಯಲ್ಲಿ ಕೂತಿದ್ದಾರೆ. ಮೊಳಕೈವರೆಗೆ ಕೆಸರು. ಮುಂದೆ ಎರಡು ಪ್ರಾಣಿಗಳು. ಯಾವ ಪ್ರಾಣಿಗಳೆಂದು ನಾನು ಕೇಳಲಿಲ್ಲ.

"ನಡಿ, ಇಳಕಲ್ಲಿಗೆ ಹೋಗೂಣು," ಎಂದರು.

"ಇವತ್ತ ಅಮಾಸಿರಿ, ಮಾವಾರ. ಯಾರೂ ಎತ್ತ ಹೂಡಂಗಿಲ್ಲ. ಚಕ್ಕಡಿ ಸಿಗೂದಿಲ್ಲ."

"ಕಾಲ ಅದಾವಲ್ಲ," ಎಂದರು ಮಾವ.

ಮೂರು ಹರದಾರಿ, ಎಂದರೆ ಒಂಬತ್ತು ಮೈಲು ದಾರಿ, ಹಿಂದಿನ ದಿನದ ಮಳೆಗೆ ನೆನೆದ ಎರೆ. ಹತ್ತು ಹೆಜ್ಜೆಗೆ ಕೆರದ ಅಡಿಗೆ ಒಂದು ಪದರ, ಇಪ್ಪತ್ತಕ್ಕೆ ಇನ್ನೊಂದು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನಾವು ಗೇಣು ಎತ್ತರ ಬೆಳೆದಿದ್ದೆವು! ಕೆರ ಬಿಚ್ಚಿ ಕೈಯಲ್ಲಿ ಹಿಡಿದರೆ ಕಾಲೇ ಕೆರವಾಯಿತು. ಮಾವ ಎರಡು ಸಲ ಜಾರಿ ಬಿದ್ದರು; ಬೀಳುವಾಗಲೂ ಉಪರಣೆಯಲ್ಲಿ ಸುತ್ತಿದ್ದ ಎತ್ತುಗಳನ್ನು ಎದೆಗೆ ಅವುಚಿಕೊಂಡೇ ಬಿದ್ದರು. ಇಂಥ ಕೆಸರಿನಲ್ಲಿ ನೂರು ಪಾಠಗಳಿದ್ದವು. ಅವರು ಒಂದನ್ನೂ ಹೇಳಲಿಲ್ಲ. ನನಗೆ ದಿಗಿಲಾಯಿತು. "ಮಾವಾರ, ಈ ಮಣ್ಣು ಏನ ಕಲಿಸತೈತ್ರಿ?" ಎಂದು ನಾನೇ ಕೇಳಿದೆ. ಅವರು, "ಏನೂ ಇಲ್ಲಪಾ, ನಡಿ" ಎಂದರು.

ಮಧ್ಯಾಹ್ನ ಅತ್ತೆಯ ತವರು ತಲುಪಿದೆವು. ಹಬ್ಬವೆಂದು ಅವರ ಅಣ್ಣನ ಮಗ್ಗ ನಿಂತಿತ್ತು. ಮಾವ ಹೊರಗಿನ ಬಚ್ಚಲಲ್ಲಿ ಕಾಲಿನ ಮಣ್ಣು ಬಿಡಿಸುತ್ತ ಉಳಿದರು. ಅದು ಬೇಗ ಬಿಡುವ ಮಣ್ಣಲ್ಲ. ನಾನು ಒಳಗೆ ಹೋದೆ. ಅತ್ತೆ ಮಗ್ಗದ ಪಕ್ಕ ಕೂತಿದ್ದರು. ಹಿತ್ತಲ ಹಗ್ಗದ ಮೇಲೆ ಆ ಪುಟ್ಟ ಕೌದಿ ಒಣಗುತ್ತಿತ್ತು. ಎಷ್ಟು ಸಲ ಒಗೆದರೋ, ಕಲೆ ಹೋಗಿರಲಿಲ್ಲ.

"ಅತ್ತಿ, ಒಂದ ಕೌದಿ ಸಲುವಾಗಿ..." ಎಂದೆ.

ಅತ್ತೆ ಹಗ್ಗದ ಕಡೆ ನೋಡಿದರು. "ಪ್ಲೇಗಿನ ವರ್ಷ ಊರ ಬಿಟ್ಟು ಹೊಲದಾಗ ಗುಡಿಸಲ ಹಾಕಿದ್ವಿ. ಕೂಸಿಗೆ ಆರ ತಿಂಗಳು. ಆ ಕೌದ್ಯಾಗ ಮಲಗಸ್ತಿದ್ದೆ. ಅಲ್ಲೇ ಹೊಲದಾಗ ಮಣ್ಣ ಕೊಟ್ಟ ಬಂದ್ವಿ."

ಧಾರವಾಡದಲ್ಲಿ ಓದುವಾಗ ಅವ್ವ ಈ ಸುದ್ದಿ ಹೇಳಿ ಕಳಿಸಿದ್ದಳು. ನಾನು ಅದನ್ನು ಪೂರ್ತಿ ಮರೆತುಬಿಟ್ಟಿದ್ದೆ.

"ನಾ ಅಳಲಿಲ್ಲ. ಮಾತೂ ಬಿಟ್ಟೆ, ಒಂದ ತಿಂಗಳು. ನಿಮ್ಮ ಮಾವ ದಿನಾ ಮುಂದ ಬಂದು ಕುಂದರ್ತಿದ್ರು. ಏನ ಹೇಳಬೇಕಂತ ಅವರಿಗೂ ತಿಳೀತಿದ್ದಿಲ್ಲ. ಒಂದಿನ ಹೊಲದಿಂದ ಬಂದ್ರು, ಕಾಲಿಗೆ ಇಷ್ಟು ಮಣ್ಣು. ಕಾಲ ಎತ್ತಿ ತೋರಿಸಿ, 'ನೋಡು, ಬಿಡವಲ್ದು. ಮಣ್ಣಿಗೂ ನಮ್ಮ ಮ್ಯಾಲ ಮಾಯಾ ಐತಿ. ಕೂಸಿನ್ನ ಛಲೋತಂಗ ನೋಡಕೋತೈತಿ' ಅಂದ್ರು. ನನಗ ಎಲ್ಲಿತ್ತೋ ಸಿಟ್ಟು! 'ಬಾಯಿ ಮುಚ್ಚರಿ, ಹುಚ್ಚ ಹಿಡದೈತೇನ ನಿಮಗ' ಅಂತ ಬೈದೆ. ಬೈದ ಮ್ಯಾಲ ಅಳು ಬಂತು. ಮರುದಿನ ಇನ್ನೊಂದು ಹೆಂಟಿ ತಂದ್ರು. ಅವತ್ತಿಂದ ಅವರು ತರೂದ ಬಿಟ್ಟಿಲ್ಲ, ನಾ ಬೈಯೂದ ಬಿಟ್ಟಿಲ್ಲ."

"ಮತ್ತ ಈ ಸಲ?"

"ಈ ಸಲ ಬೈಯಾಕ ಬಾಯಿ ಬರಲಿಲ್ಲಪಾ. ಅದಕ್ಕ ಎದ್ದ ಬಂದೆ."

ಮಾವ ಹೊಸ್ತಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಒಳಗೆ ಬಂದು, ಉಪರಣೆ ಬಿಚ್ಚಿ, ಆ ಜೋಡೆತ್ತುಗಳನ್ನು ಅತ್ತೆಯ ಮುಂದೆ ನೆಲದ ಮೇಲೆ ಇಟ್ಟರು. ಒಂದಕ್ಕೆ ಕೊಂಬು ಮುರಿದಿತ್ತು. ಇನ್ನೊಂದರ ಬೆನ್ನ ಮೇಲಿನ ಹಿಣಿಲು ಜಾರಿ ಹೊಟ್ಟೆಗೆ ಬಂದಿತ್ತು. ಅತ್ತೆ ಅವುಗಳನ್ನೇ ನೋಡಿದರು. ಅತ್ತೆಯ ಅಣ್ಣ ಬಾಗಿಲಲ್ಲಿ ಬಂದು ನಿಂತರು. ನನ್ನ ಜನ್ಮದಲ್ಲಿ ನಾನು ಯಾರದಾದರೂ ಬೈಗುಳಕ್ಕಾಗಿ ದೇವರನ್ನು ಬೇಡಿಕೊಂಡಿದ್ದರೆ ಅದು ಅಂದು.

ಅತ್ತೆ ಮುರಿದ ಕೊಂಬಿನ ಎತ್ತನ್ನು ಕೈಗೆತ್ತಿಕೊಂಡರು. ತಿರುಗಿಸಿ ನೋಡಿದರು. ಅವರ ಹೆಬ್ಬೆರಳು ತಾನಾಗಿಯೇ ಅದರ ಬೆನ್ನನ್ನು ತಿದ್ದತೊಡಗಿತು.

"ಇವು ಎತ್ತೇನ್ರಿ?" ಎಂದರು. "ಹಂದಿ ಮರಿ ಆಗ್ಯಾವು! ಇಷ್ಟ ವರ್ಷ ಮಣ್ಣ ಹಿಡಕೊಂಡ ಕುಂತ್ರಿ, ಒಂದ ಕೊಂಬು ಮಾಡೂದ ಕಲೀಲಿಲ್ಲೇನು?"

ಮಾವ ತಲೆ ಎತ್ತಿದರು. "ಅಲ್ಲ, ಮಣ್ಣು ಏನ ಕಲಿಸತೈತೆಂದ್ರ..."

"ಬಾಯಿ ಮುಚ್ಚರಿ!" ಎಂದರು ಅತ್ತೆ. "ಕೈ ತೊಳಕೊಂಡ ಊಟಕ್ಕ ಬರ್ರಿ. ಹೋಳಗಿ ಆರಾಕತ್ತಾವು. ನಾಳೆ ಮೌಲಾಸಾಬಗ ಹೇಳಿ ಸವಳ ಮಣ್ಣ ತರಸೂಣು."

ಮಾವ ಕೈ ತೊಳೆಯಲು ಹೋಗಲಿಲ್ಲ. ಅಲ್ಲೇ ನೆಲದ ಮೇಲೆ ಕುಸಿದು ಕೂತು, ರಾಡಿಯಾದ ಉಪರಣೆಯಲ್ಲಿ ಮುಖ ಮುಚ್ಚಿಕೊಂಡು ಸಣ್ಣ ಕೂಸಿನ ಹಾಗೆ ಅತ್ತುಬಿಟ್ಟರು. ಅತ್ತೆ ಅವರ ಪಕ್ಕಕ್ಕೆ ಸರಿದು, ಅವರ ಹಿಮ್ಮಡಿಗೆ ಇನ್ನೂ ಮೆತ್ತಿಕೊಂಡಿದ್ದ ಮಣ್ಣನ್ನು ಉಗುರಿನಿಂದ ಬಿಡಿಸುತ್ತ ಬೈಯುತ್ತಲೇ ಇದ್ದರು. ಆ ಮಣ್ಣಿನಲ್ಲಿ ಒಂದು ಚೂರು ತೆಗೆದು ಮುರಿದ ಕೊಂಬಿನ ಜಾಗಕ್ಕೆ ಅಂಟಿಸಿದರು. ಇಷ್ಟು ದಿನ ಈ ಇಬ್ಬರ ಕಥೆ ಹೇಳಿ ಊರನ್ನು ನಗಿಸಿದ ನಾನು ನಿಂತ ಮಗ್ಗದ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ. ಹೆಡ್‌ಮಾಸ್ತರರಿಗೆ ಈ ಕಥೆಯನ್ನು ನಾನು ಹೇಳಲಿಲ್ಲ.